ಸದ್ದು ನಿಂತ ಶನಿವಾರ

ನವೆಂಬರ್ 6, ಗುರುವಾರ

ಈ ವರ್ಷದ ಮಾರ್ಚ್ ತಿಂಗಳ ಎರಡನೆಯ ಶನಿವಾರ ಸಂಜೆಯಿಂದ ಸೋಮವಾರ ಬೆಳಗಿನೊಳಗೆ, ಮಿದುಳು ಸಂಶೋಧನಾ ಸಂಸ್ಥೆಯವರು ನನ್ನ ಅಕ್ಕ ದಾನ ಕೊಟ್ಟುಹೋದ ಮಿದುಳಿನ ಬಲ ಅರ್ಧವನ್ನು ಕರಗಿ ಹಾಳಾಗಲು ಬಿಟ್ಟರು. ಅಕ್ಕನದೊಂದೇ ಅಲ್ಲ, ಅದೇ ಫ್ರೀಜರಿನಲ್ಲಿದ್ದ ಎಲ್ಲರದ್ದನ್ನೂ. ಅದು ನನಗೆ ತಿಳಿದದ್ದು ಇವತ್ತು. ಸಂಸ್ಥೆ ಕರೆದು ಹೇಳಿದ್ದಲ್ಲ, ನಾನು ಪಟ್ಟು ಹಿಡಿದು ಕೂತದ್ದಕ್ಕೆ ಬಾಯಿಬಿಟ್ಟದ್ದು.

"ಮಿದುಳು ಪರೀಕ್ಷೆಯ ವರದಿ ಎಲ್ಲಿ ಅಂತ ಅಕ್ಕ ಸತ್ತಾಗಿನಿಂದ ಕೇಳ್ತಾ ಇದ್ದೀನಿ ಡಾಕ್ಟರೇ. ಇವತ್ತು ಹೇಳದೆ ಈ ಕುರ್ಚಿಯಿಂದ ಏಳೋದಿಲ್ಲ" ಅಂದೆ.

ಅಕ್ಕನನ್ನು ಪರೀಕ್ಷಿಸುತ್ತಿದ್ದ ಸಂಶೋಧಕಿ ಸುತ್ತ ನೋಡಿ, "ಇಲ್ಲಿ ಬೇಡಮ್ಮ, ಹೊರಗೆ ಬನ್ನಿ" ಎಂದು ಸೈಕಲ್ ಸ್ಟ್ಯಾಂಡಿನ ಹತ್ತಿರ ಕರೆದುಕೊಂಡು ಹೋದರು.

"ಫ್ರೀಜರ್ ಕೆಟ್ಟಿತ್ತು. ನಿಮ್ಮಕ್ಕನದು ಅದರಲ್ಲೇ ಇತ್ತು."

"ಯಾವಾಗ?"

"ಮಾರ್ಚಲ್ಲಿ, ಎರಡನೇ ಶನಿವಾರ."

"ಈಗ ನವೆಂಬರ್."

"ಹೌದು" ಎಂದು ತಲೆ ತಗ್ಗಿಸಿದರು.

ಕೋರ್ಟಿನಲ್ಲಿ ಸ್ಟೆನೋಗ್ರಾಫರ್ ಆಗಿ ಕೂದಲು ನರೆಸಿಕೊಂಡವಳು ನಾನು. ಯಾರು ಏನು ಹೇಳಿದರು ಎಂಬುದನ್ನು ಅವರ ಮಾತಿನಲ್ಲೇ ನೆನಪಿಟ್ಟುಕೊಳ್ಳುವುದು ಅಭ್ಯಾಸವಾಗಿಬಿಟ್ಟಿದೆ. ಅಕ್ಕ ನನ್ನನ್ನು 'ಟೇಪು' ಎಂದೇ ಕರೆಯುತ್ತಿದ್ದಳು. ಈ ಸಂಶೋಧಕಿಗೆ ಅವಳು ಇಟ್ಟ ಹೆಸರು 'ಗುಬ್ಬಿ'. ಪರೀಕ್ಷೆ ಮಾಡಲು ಬಂದಾಗಲೆಲ್ಲ ಕುತ್ತಿಗೆ ಹೊರಳಿಸಿ ಹೊರಳಿಸಿ ನೋಡುತ್ತಾರೆ ಅಂತ. ನಾನು ಹಾಗೆ ಕರೆಯಲಾರೆ. ಅಷ್ಟು ಸಲಿಗೆ ಅಕ್ಕನಿಗಿತ್ತು, ನನಗೆ ಬೇಕಾಗಿಲ್ಲ.

ನವೆಂಬರ್ 8, ಶನಿವಾರ

ನಿದ್ದೆ ಬಂತು, ಆದರೆ ಸಿಟ್ಟು ಮಲಗಲಿಲ್ಲ. ಬರೆದರೆ ಇಳಿಯಬಹುದು.

ಅಕ್ಕ ದರ್ಜಿ. ಗಂಡಸರ ಕೋಟು ಹೊಲಿಯುವುದರಲ್ಲಿ ಅವಳನ್ನು ಮೀರಿಸುವವರು ಈ ಊರಲ್ಲಿ ಇರಲಿಲ್ಲ. ಒಂದು ದಿನ ಬಲಗೈ ಹಾಕಿದ ಗುಂಡಿಯನ್ನು ಅವಳ ಎಡಗೈ ಬಿಚ್ಚಿತು. ತಾನೇ ತಾನಾಗಿ! "ನೋಡೇ ಟೇಪು, ಈ ಕೈ ನನ್ನ ಮಾತು ಕೇಳ್ತಿಲ್ಲ, ಯಾರದೋ ಕೈ ತಂದು ಹೊಲಿದ ಹಾಗಿದೆ" ಎಂದು ನಕ್ಕಳು. ಮೊದಲನೆಯ ಡಾಕ್ಟರು, "ಭುಜದ ನರ ಹಿಡ್ಕೊಂಡಿದೆ, ಬಿಸಿ ಶಾಖ ಕೊಡಿ" ಎಂದರು. ಎರಡನೆಯವರು ನನ್ನನ್ನು ಪಕ್ಕಕ್ಕೆ ಕರೆದು, "ಒಂಟಿ ಹೆಂಗಸು, ಗಮನ ಸೆಳೆಯೋಕೆ ಹೀಗೆ ಮಾಡ್ತಾರೆ" ಎಂದರು. ಆ ವಾಕ್ಯ, ಆ ದನಿ, ಆಗ ಮೇಜಿನ ಮೇಲೆ ಉರುಳುತ್ತಿದ್ದ ಪೆನ್ನು, ಯಾವುದನ್ನೂ ನಾನು ಮರೆತಿಲ್ಲ. ಮೂರನೆಯವರು ಪಾರ್ಕಿನ್ಸನ್ ಎಂದು ಮಾತ್ರೆ ಕೊಟ್ಟರು. ಮಾತ್ರೆಯಿಂದ ವಾಂತಿಯಾಯಿತು, ಕೈ ಹಾಗೇ ಉಳಿಯಿತು. ಕಡೆಗೆ ಈ ಸಂಸ್ಥೆಯವರು, "ಇದು ಬೇರೆ ಏನೋ ಇರಬೇಕು, ಆದರೆ ಬದುಕಿರೋವಾಗ ಖಚಿತವಾಗಿ ಹೇಳೋ ಪರೀಕ್ಷೆ ಇನ್ನೂ ಇಲ್ಲ" ಎಂದರು. ಗೊತ್ತಿಲ್ಲ ಎಂದು ಹೇಳಿದ ಮೊದಲ ಡಾಕ್ಟರುಗಳು ಇವರೇ. ಅದಕ್ಕೇ ಅಕ್ಕ ಇವರನ್ನು ನಂಬಿದಳು.

"ನಾನು ಸತ್ತ ಮೇಲೆ ಬಿಚ್ಚಿ ನೋಡಿ. ಒಳಗಿನ ಹೊಲಿಗೆ ಎಲ್ಲಿ ಬಿಟ್ಟಿದೆ ಅಂತ ನನ್ನ ಮಗಳಿಗೆ ಹೇಳಿ" ಎಂದಿದ್ದಳು.

ಆ ಮಗಳಿಗೆ ಇವತ್ತಿಗೂ ಯಾರೂ ಏನೂ ಹೇಳಿಲ್ಲ. ಅವಳದು ಕನ್ನಡಕದ ಅಂಗಡಿ. ಸಾಸಿವೆಯಷ್ಟು ಸಣ್ಣ ತಿರುಪುಗಳನ್ನು ಕೂರಿಸುವ ಕೆಲಸ. ಈಚೆಗೆ ಎಡಗೈಯಿಂದ ತಿರುಪು ಬೀಳುತ್ತಿದೆ. ನಾನಿರುವಾಗ ಕೈಯನ್ನು ಜೇಬಿನಲ್ಲಿಟ್ಟುಕೊಳ್ಳುತ್ತಾಳೆ. ನಾನು ನೋಡಿಲ್ಲ ಅಂದುಕೊಂಡಿದ್ದಾಳೆ.

ನವೆಂಬರ್ 19, ಬುಧವಾರ

ನಿರ್ದೇಶಕರ ಭೇಟಿ ಸಿಕ್ಕಿತು. ಮನುಷ್ಯ ಸಭ್ಯರು, ಎದ್ದು ನಿಂತು ಕುರ್ಚಿ ತೋರಿಸಿದರು. ಸಭ್ಯರ ಜೊತೆ ಜಗಳವಾಡುವುದು ಕಷ್ಟ.

"ಅನಿರೀಕ್ಷಿತ ವಿದ್ಯುತ್ ದೋಷ. ನಮಗೂ ತುಂಬಾ ನೋವಾಗಿದೆ" ಎಂದರು.

"ನೋವಾದವರು ಎಂಟು ತಿಂಗಳು ಸುಮ್ಮನಿರ್ತಾರಾ ಸರ್?"

"ತಿಳಿಸೋಕೆ ಸರಿಯಾದ ಸಮಯಕ್ಕೆ ಕಾಯ್ತಿದ್ವಿ. ಜನಕ್ಕೆ ಗೊತ್ತಾದ್ರೆ ದಾನ ಮಾಡೋದೇ ನಿಲ್ಲಿಸಿಬಿಡ್ತಾರೆ. ಆಗ ನಷ್ಟ ಯಾರಿಗೆ ಹೇಳಿ? ಮುಂದಿನ ರೋಗಿಗಳಿಗೆ."

ಉತ್ತರ ಚೆನ್ನಾಗಿಯೇ ಇತ್ತು. ಚೆನ್ನಾಗಿರುವ ಉತ್ತರಗಳನ್ನು ನಾನು ಕೋರ್ಟಿನಲ್ಲಿ ಸಾಕಷ್ಟು ಬರೆದುಕೊಂಡಿದ್ದೇನೆ. 'ಸರಿಯಾದ ಸಮಯ' ಎಂಬ ಮಾತನ್ನು ಹಿಂದೆ ಯಾರು ಯಾರು ಹೇಳಿದ್ದರು ಎಂದು ದಾರಿಯುದ್ದಕ್ಕೂ ನೆನೆದೆ. ಸೇತುವೆಯ ಗುತ್ತಿಗೆದಾರ ಹೇಳಿದ್ದ. ಕುಡಿಯುವ ನೀರಿನಲ್ಲಿ ಬಣ್ಣ ಬಂದಾಗ ನಗರಸಭೆಯ ಎಂಜಿನಿಯರ್ ಹೇಳಿದ್ದ. ಆ ಸಮಯ ಬಂದದ್ದನ್ನು ನಾನು ನೋಡಿಲ್ಲ.

ಇನ್ನು ಆ ಕಟ್ಟಡದ ಮೆಟ್ಟಿಲು ಹತ್ತುವುದಿಲ್ಲ.

ನವೆಂಬರ್ 20, ಗುರುವಾರ

ಛತ್ರಿ ಅಲ್ಲೇ ಬಿಟ್ಟು ಬಂದಿದ್ದೇನೆ.

ನವೆಂಬರ್ 24, ಸೋಮವಾರ

ಛತ್ರಿಗಾಗಿ ಹೋದೆ. ಅದನ್ನು ಎತ್ತಿಟ್ಟಿದ್ದವರು ಆ ಸಂಶೋಧಕಿಯೇ. ಹೊರಡುತ್ತಿದ್ದವಳು ಬಾಗಿಲಲ್ಲಿ ನಿಂತು ಕೇಳಿಯೇಬಿಟ್ಟೆ: "ಬಲ ಅರ್ಧವನ್ನೇ ಯಾಕೆ ಫ್ರೀಜರಿಗೆ ಹಾಕಿದ್ರಿ? ಅಕ್ಕನಿಗೆ ಕೆಟ್ಟಿದ್ದು ಎಡಗೈ. ಎಡಗೈ ನಡೆಸೋದು ಬಲ ಮಿದುಳು. ಇಷ್ಟು ನಾನೂ ಓದಿದ್ದೀನಿ."

"ನಾಣ್ಯ ಚಿಮ್ಮಿ ನೋಡ್ತೀವಮ್ಮ."

"ಏನು?"

ಅವರು ಕೂರಿಸಿ ವಿವರಿಸಿದರು. ಮಿದುಳನ್ನು ನಡುವೆ ಎರಡು ಮಾಡುತ್ತಾರೆ. ಒಂದು ಅರ್ಧ ಕೊಳೆಯದಂತೆ ಕಾಪಾಡುವ ಫಾರ್ಮಲಿನ್‌ಗೆ, ಇನ್ನೊಂದು ಫ್ರೀಜರಿಗೆ. ಯಾವುದು ಎಲ್ಲಿಗೆ ಎಂದು ತಾವೇ ಆರಿಸಿದರೆ, ಹಾಳಾದ ಭಾಗವೆಲ್ಲ ಒಂದೇ ಕಡೆ ಸೇರಿ ಲೆಕ್ಕ ತಪ್ಪುತ್ತದೆ. ಅದಕ್ಕೆ ನಾಣ್ಯ. ಫಾರ್ಮಲಿನ್ ಅರ್ಧವನ್ನು ತೆಳ್ಳಗೆ ಕೊಯ್ದು ಮೈಕ್ರೋಸ್ಕೋಪಿನಲ್ಲಿ ನೋಡಿದರೆ ಕಾಯಿಲೆ ಯಾವುದು ಎಂದು ಗೊತ್ತಾಗುತ್ತದೆ.

"ಹಾಗಾದ್ರೆ ಎಡ ಅರ್ಧ ಇದೆಯಲ್ಲ? ಹೆಸರು ಹೇಳಬಹುದಲ್ಲ?"

"ಹೇಳಬಹುದು. ಆ ಫ್ರೀಜರಿನಲ್ಲಿದ್ದವರ ವರದಿಗಳನ್ನೆಲ್ಲ ತಡೆಹಿಡಿಯೋಕೆ ಮೇಲಿನವರು ಹೇಳಿದ್ದಾರೆ. ವರದಿ ಕೊಟ್ಟರೆ, ಇನ್ನೊಂದು ಅರ್ಧ ಎಲ್ಲಿ ಅಂತ ಕೇಳ್ತೀರಲ್ಲ."

ಛತ್ರಿಯನ್ನು ಮೇಜಿನ ಮೇಲೆ ಕುಕ್ಕಿದೆ.

"ನನ್ನ ಅಕ್ಕನ ಮಗಳು ತನ್ನ ಕೈಯನ್ನ ದಿನಾ ಪರೀಕ್ಷೆ ಮಾಡ್ಕೊಂಡು ಕೂತಿದ್ದಾಳೆ. ಇದು ವಂಶದ್ದಾ ಅಲ್ಲವಾ ಅಂತ ಅವಳಿಗೆ ಗೊತ್ತಾಗಬೇಕು" ಅಂದೆ.

"ಎಡ ಅರ್ಧವನ್ನ ನಾನೇ ಕೂತು ನೋಡ್ತೀನಿ" ಎಂದರು.

ಡಿಸೆಂಬರ್ 13, ಶನಿವಾರ

ಅಕ್ಕನ ಮಗಳ ಮನೆಯಲ್ಲಿ ಊಟ. ಹಾಲು ತೆಗೆದ ನಾನು ಫ್ರಿಜ್ ಬಾಗಿಲನ್ನು ಸರಿಯಾಗಿ ಹಾಕಿರಲಿಲ್ಲ. ಸ್ವಲ್ಪ ಹೊತ್ತಿಗೆ ಅದು ಕೀಂ ಕೀಂ ಎಂದು ಅರಚತೊಡಗಿತು. ಮಗಳು ಕೂತಲ್ಲಿಂದಲೇ ಕೈ ಚಾಚಿ ಒಂದು ಗುಂಡಿ ಒತ್ತಿದಳು. ಸದ್ದು ನಿಂತಿತು.

"ಬಾಗಿಲು ಇನ್ನೂ ತೆರೆದೇ ಇದೆಯಲ್ಲೇ" ಅಂದೆ.

"ಇರಲಿ ಬಿಡಿ ಚಿಕ್ಕಮ್ಮ, ಬಾಯಿ ಮುಚ್ಚಿತಲ್ಲ."

ಹಾಲಿನ ಪಾತ್ರೆ ಹಿಡಿದುಕೊಂಡು ನಿಂತೇ ಇದ್ದೆ.

"ಏನಾಯ್ತು? ಟೇಪು ತಿರುಗ್ತಾ ಇದೆಯಾ?"

ತಿರುಗುತ್ತಿತ್ತು. ಮಾರ್ಚ್ ಎರಡನೆಯ ಶನಿವಾರ. ಸಂಸ್ಥೆಯವರು ವರ್ಷಕ್ಕೊಮ್ಮೆ ದಾನಿಗಳ ಮನೆಯವರನ್ನು ಕರೆದು ಧನ್ಯವಾದ ಹೇಳುವ ದಿನ. ಕೆಳಗಿನ ಹಾಲ್‌ನಲ್ಲಿ, ಕಿಟಕಿ ಪಕ್ಕದ ಸಾಲಿನಲ್ಲಿ ನಾನು ಕೂತಿದ್ದೆ. ನಿರ್ದೇಶಕರು, "ನಿಮ್ಮ ಪ್ರೀತಿಪಾತ್ರರು ಇಲ್ಲಿ ಸುರಕ್ಷಿತವಾಗಿದ್ದಾರೆ" ಎಂದು ಹೇಳುತ್ತಿರುವಾಗ ಪಕ್ಕದ ಕೋಣೆಯಿಂದ ಇದೇ ರೀತಿ ಕೀಂ ಕೀಂ. ಅವರು ನಕ್ಕು, "ನೋಡಿ, ನಮ್ಮ ಫ್ರೀಜರ್‌ಗಳಿಗೂ ಭಾಷಣ ಮಾಡೋ ಆಸೆ" ಎಂದರು. ಎಲ್ಲರೂ ನಕ್ಕೆವು. ಅವರು ಬೆರಳೆತ್ತಿ ಯಾರಿಗೋ ಸನ್ನೆ ಮಾಡಿದರು. ಸದ್ದು ನಿಂತಿತು. ಭಾಷಣ ಮುಂದುವರಿಯಿತು.

ವಿದ್ಯುತ್ ದೋಷವಂತೆ! ವಿದ್ಯುತ್ ಇತ್ತು. ಮೈಕ್ ಮಾತಾಡುತ್ತಿತ್ತು. ಫ್ಯಾನು ತಿರುಗುತ್ತಿತ್ತು.

ಡಿಸೆಂಬರ್ 15, ಸೋಮವಾರ

ಬೆಳಿಗ್ಗೆಯೇ ಹೋದೆ. "ಆ ದಿನ ಎದ್ದು ಹೋಗಿ ಸದ್ದು ನಿಲ್ಲಿಸಿದ್ದು ಯಾರು?"

ಗುಬ್ಬಿ ಡಾಕ್ಟರು ಕೈಯಲ್ಲಿದ್ದ ಕೈಗವಸನ್ನು ಬಿಡಿಸಿದರು, ಮತ್ತೆ ಹಾಕಿಕೊಂಡರು.

"ನಾನೇ ಅಮ್ಮ."

ಫ್ರೀಜರಿನ ಬಾಗಿಲಂಚಿಗೆ ಹಿಮ ಕಟ್ಟುತ್ತದೆ. ಆಗಾಗ ಕೆರೆದು ತೆಗೆಯಬೇಕು. ಅತಿಥಿಗಳು ಬರುವರೆಂದು ಆ ಬೆಳಿಗ್ಗೆ ಅರ್ಧ ಕೆರೆದು ಬಿಟ್ಟಿದ್ದರು. ಬಾಗಿಲು ಹಾಕಿದಂತೆ ಕಂಡರೂ ಕೂತಿರಲಿಲ್ಲ. ಅದಕ್ಕೇ ಯಂತ್ರ ಕೂಗಿತು. ಒಮ್ಮೆ ಸುಮ್ಮನಾಗಿಸಿದರೆ, ಮತ್ತೆ ನಾವೇ ಗುಂಡಿ ಒತ್ತುವವರೆಗೆ ಅದು ಕೂಗುವುದಿಲ್ಲ. ಭಾಷಣ ಮುಗಿದ ಕೂಡಲೇ ನೋಡೋಣ ಎಂದುಕೊಂಡವರನ್ನು, ಮನೆಯವರಿಗೆ ಮೈಕ್ರೋಸ್ಕೋಪು ತೋರಿಸಲು ಕಳಿಸಿದರು. ಮರೆತುಹೋಯಿತು.

"ಮೈಕ್ರೋಸ್ಕೋಪು ತೋರಿಸಿದ್ದು ನನಗೇ" ಅಂದೆ. "ಎಷ್ಟು ಚೆನ್ನಾಗಿ ತೋರಿಸಿದ್ರಿ."

ಅವರು ಅಳಲಿಲ್ಲ. ಅತ್ತಿದ್ದರೆ ನನಗೆ ಸಿಟ್ಟು ಬರುತ್ತಿತ್ತು. "ಸೋಮವಾರ ಬಾಗಿಲು ತೆಗೆದಾಗ ನೀರು ಹೊರಗೆ ಹರಿಯಿತು. ನಾನು ಎಲ್ಲರಿಗೂ ಹೇಳೋಣ ಅಂದೆ. ವಿದ್ಯುತ್ ದೋಷ ಅಂತ ಬರೆದರೆ ನಿನ್ನ ಕೆಲಸ ಉಳಿಯತ್ತೆ ಅಂದ್ರು. ನಾನು ಸುಮ್ಮನಾದೆ" ಎಂದರು.

ಮನೆಗೆ ಬಂದು ಯೋಚಿಸಿದೆ. ಮರೆತವಳ ಮೇಲೆ ಸಿಟ್ಟು ಬರಬೇಕಿತ್ತು. ಹುಡುಕಿದರೂ ಸಿಗುತ್ತಿಲ್ಲ. ಮುಚ್ಚಿಟ್ಟವರ ಮೇಲೆ ಮಾತ್ರ ಹೇರಳವಾಗಿದೆ.

ಜನವರಿ 8, ಗುರುವಾರ

ಎಡ ಅರ್ಧದ ಸ್ಲೈಡ್ ಸಿದ್ಧವಾಗಿತ್ತು. ಮಗಳು ಬರುವುದಿಲ್ಲ ಎಂದಳು. "ನೀವು ನೋಡಿ ಬನ್ನಿ. ನನಗೆ ಒಂದೇ ವಾಕ್ಯ ಸಾಕು."

ಒಬ್ಬಳೇ ನೋಡಿದೆ. ತೆಳು ನೀಲಿ ಹಾಸು, ಅದರ ಮೇಲೆ ಅಲ್ಲಲ್ಲಿ ಕಂದು ಬಣ್ಣದ ಸಿಕ್ಕುಗಳು. ಗುಬ್ಬಿ ಪಕ್ಕದಲ್ಲಿ ನಿಂತು ವಿವರಿಸಿದಳು. ಆರೋಗ್ಯವಾಗಿರುವ ನರಕೋಶದೊಳಗೆ ಸಾಮಾನು ಸಾಗಿಸಲು ಸಣ್ಣ ದಾರಿಗಳಿರುತ್ತವೆ. ಆ ದಾರಿಗಳು ಕುಸಿಯದಂತೆ ಹಿಡಿದಿಡುವ ಪ್ರೋಟೀನಿಗೆ ಟೌ ಎಂದು ಹೆಸರು. ಅದು ಕಳಚಿಕೊಂಡರೆ ತನ್ನಲ್ಲೇ ತಾನು ಸುತ್ತಿಕೊಂಡು ಗಂಟಾಗುತ್ತದೆ.

"ಕಚ್ಚಾ ಹೊಲಿಗೆ" ಅಂದೆ. "ಕೋಟಿನ ಒಳಪದರ ಜಾರದ ಹಾಗೆ ಅಕ್ಕ ಹಾಕ್ತಿದ್ದಳಲ್ಲ, ಅದರ ದಾರ ಬಿಚ್ಚಿಕೊಂಡ್ರೆ ಹೀಗೇ ಒಳಗೆ ಗಂಟು ಸೇರ್ಕೊಳ್ಳತ್ತೆ."

"ಅದೇ ಅಮ್ಮ. ಮತ್ತೆ ಒಂದು ಗಂಟು ಪಕ್ಕದ್ದನ್ನೂ ಕೆಡಿಸತ್ತೆ. ಹಾಲಿಗೆ ಹೆಪ್ಪು ಹಾಕಿದ ಹಾಗೆ, ಒಂದು ಚಮಚ ಸಾಕು. ನಾವು ಕಟ್ತಿರೋ ಪರೀಕ್ಷೆಯೂ ಹಾಗೇ. ರೋಗಿಯ ಬೆನ್ನುಹುರಿ ನೀರನ್ನ ಶುದ್ಧ ಪ್ರೋಟೀನಿಗೆ ಸೇರಿಸಿ ಇಡೋದು. ಗಂಟು ಕಟ್ಟಿದರೆ ಕಾಯಿಲೆ ಇದೆ ಅಂತ. ಬದುಕಿರೋವಾಗಲೇ ಹೇಳಬಹುದು. ಆದರೆ ಪರೀಕ್ಷೆ ಸರಿಯಾಗಿದೆಯಾ ಅಂತ ನೋಡೋಕೆ, ಕಾಯಿಲೆ ಖಚಿತವಾಗಿರೋ ಮಿದುಳು ಬೇಕು. ಫಾರ್ಮಲಿನ್‌ನಲ್ಲಿಟ್ಟ ಹೆಪ್ಪು ಸತ್ತಿರತ್ತೆ. ಫ್ರೀಜರ್‌ದೇ ಬೇಕು."

ಆಗ ಅರ್ಥವಾಯಿತು, ಕರಗಿದ್ದು ಏನು ಎಂದು. 'ಗಮನ ಸೆಳೆಯೋಕೆ' ಎಂದು ಇನ್ನೊಬ್ಬ ಡಾಕ್ಟರು ಇನ್ನೊಬ್ಬಳ ತಂಗಿಗೆ ಹೇಳದಂತೆ ತಡೆಯುವ ಪರೀಕ್ಷೆ ಅದು.

ಕಾಯಿಲೆಯ ಹೆಸರು ಉದ್ದವಾಗಿದೆ. ಮಿದುಳಿನ ಹೊರಪದರವೂ ಬುಡದ ನರಕೋಶಗಳ ಗುಂಪುಗಳೂ ಸವೆಯುವ ಕಾಯಿಲೆ. ಮಗಳಿಗೆ ಬೇಕಾದ ಒಂದು ವಾಕ್ಯವನ್ನು ಕೇಳಿದೆ.

"ಬಹುಪಾಲು ವಂಶದಲ್ಲಿ ಬರೋದಲ್ಲ. ಯಾವತ್ತೂ ಬರೋದೇ ಇಲ್ಲ ಅಂತ ನಾನು ಹೇಳಲಾರೆ. ಅವರು ಕೈಯನ್ನ ಒಬ್ಬ ನರರೋಗ ತಜ್ಞರಿಗೆ ತೋರಿಸಲಿ."

ಇನ್ನೊಂದು ಸಲ ನೋಡಲೇ ಎಂದು ಕೇಳಿ ಮತ್ತೆ ಕಣ್ಣಿಟ್ಟೆ. ಅಕ್ಕನನ್ನು ಅಷ್ಟು ಹತ್ತಿರದಿಂದ ಬದುಕಿದ್ದಾಗಲೂ ನೋಡಿರಲಿಲ್ಲ.

ಜನವರಿ 9, ಶುಕ್ರವಾರ

ಮಗಳಿಗೆ ಹೇಳಿದೆ. ಅಂಗಡಿಯಲ್ಲೇ, ಗಿರಾಕಿ ಹೋದ ಮೇಲೆ.

"'ಬಹುಪಾಲು' ಅಂದ್ರಾ, 'ಸಾಮಾನ್ಯವಾಗಿ' ಅಂದ್ರಾ?"

"ಬಹುಪಾಲು."

"ಟೇಪು ಹೇಳಿದ್ಮೇಲೆ ಮುಗೀತು" ಎಂದು ಜೇಬಿನಿಂದ ಕೈ ತೆಗೆದು ಮೇಜಿನ ಮೇಲಿಟ್ಟಳು. ಇಬ್ಬರೂ ಅದನ್ನು ನೋಡಿದೆವು. ಒಳ್ಳೆಯ ಕೈ. ಅಕ್ಕನ ಬೆರಳುಗಳೇ.

ಜನವರಿ 27, ಮಂಗಳವಾರ

ತಜ್ಞರು ನೋಡಿದರು. ಮಣಿಕಟ್ಟಿನಲ್ಲಿ ನರ ಒತ್ತಿದೆ, ದಿನವಿಡೀ ಕೈ ಮಡಚಿ ಕೆಲಸ ಮಾಡುವವರಿಗೆ ಆಗುವುದು ಅಂತೆ. ರಾತ್ರಿ ಪಟ್ಟಿ ಕಟ್ಟಿಕೊಂಡು ಮಲಗಬೇಕು. ಸಂಜೆ ಅಂಗಡಿಯಲ್ಲಿ ಮತ್ತೆ ತಿರುಪು ಬಿತ್ತು. ಮಗಳು ಅದರ ಅಪ್ಪ ಅಜ್ಜಂದಿರನ್ನೆಲ್ಲ ಬೈದು ಮೇಜಿನಡಿ ತೂರಿದಳು. ಬೈಗುಳ ಕೇಳಿ ಇಷ್ಟು ಸಂತೋಷವಾದದ್ದು ನೆನಪಿಲ್ಲ.

ಗುಬ್ಬಿಯ ಆ ಒಂದು ವಾಕ್ಯವನ್ನು ಹೋದ ಮಾರ್ಚಿನಲ್ಲೇ ಹೇಳಬಹುದಿತ್ತು. ತಿಂಗಳುಗಟ್ಟಲೆ ಅವಳು ಕೈಯನ್ನು ಜೇಬಿನಲ್ಲಿಟ್ಟುಕೊಂಡಿದ್ದಳು. ಉಳಿದ ಮನೆಗಳಲ್ಲಿ ಯಾರು ಏನನ್ನು ಜೇಬಿನಲ್ಲಿಟ್ಟುಕೊಂಡಿದ್ದಾರೋ.

ಫೆಬ್ರವರಿ 10, ಮಂಗಳವಾರ

ರೋಗಿಗಳ ಜೊತೆ ಹೋಲಿಸಿ ನೋಡಲು ಸಂಸ್ಥೆಗೆ ಆರೋಗ್ಯವಂತ ಮುದುಕರೂ ಬೇಕಂತೆ. ನಾನು ಸೇರಿದ್ದೇನೆ. ಗಡಿಯಾರದ ಚಿತ್ರ ಬರೆದೆ, ಗುಂಡಿ ಹಾಕಿದೆ, ಪದಗಳ ಸಾಲನ್ನು ಒಪ್ಪಿಸಿದೆ.

"ಅಮ್ಮ, ಪದ ಮಾತ್ರ ಹೇಳಿದರೆ ಸಾಕು. ಓದುವಾಗ ನಾನು ಎಲ್ಲಿ ಕೆಮ್ಮಿದೆ ಅಂತ ಬೇಡ" ಎಂದಳು ಗುಬ್ಬಿ.

ನಮ್ಮ ಕಾಯುವ ಕೋಣೆಯ ಕುರ್ಚಿಗಳು ಬೆನ್ನಿಗೆ ಏನೇನೂ ಚೆನ್ನಾಗಿಲ್ಲ. ಗೋಡೆ ಗಡಿಯಾರ ಹಿಂದೆ ಬಿದ್ದಿದೆ. ಮಿದುಳಿನ ಪರೀಕ್ಷೆಗೆ ಬಂದವರ ಎದುರು ತಪ್ಪು ಗಡಿಯಾರ ತೂಗುಹಾಕುವುದೇ? ಹೇಳಿ ಸರಿಮಾಡಿಸಬೇಕು.

ಫೆಬ್ರವರಿ 24, ಮಂಗಳವಾರ

ಗುಬ್ಬಿಯೂ ನಾನೂ ಬಾಗಿಲು ಹಾಕಿ ಮಾತಾಡಿದೆವು. ಮುಂದಿನ ತಿಂಗಳು ಮತ್ತೆ ಮನೆಯವರ ಸಭೆ. ಅಲ್ಲಿ ಕೇಳುತ್ತೇನೆ ಅಂದೆ. "ನಿನ್ನ ಕೆಲಸ ಹೋಗಬಹುದು. ಬೇಡ ಅಂದರೆ ಬೇರೆ ದಾರಿ ನೋಡೋಣ."

ಗುಬ್ಬಿ ಕುರ್ಚಿಯನ್ನು ನನ್ನ ಹತ್ತಿರ ಎಳೆದುಕೊಂಡಳು. "ಈಗಲೂ ಆ ಕೋಣೆಗೆ ಹೋದಾಗಲೆಲ್ಲ ಗುಂಡಿ ಮುಟ್ಟಿ ನೋಡ್ತೀನಿ. ಮನೆಗೆ ಹೋಗಿ ವಾಪಸ್ ಬಂದು ಮುಟ್ಟಿದ್ದೂ ಇದೆ. ಹೀಗೆ ಎಷ್ಟು ದಿನ ಅಮ್ಮ? ನೀವು ಕೇಳಿ. ನನ್ನ ಪಾಲಿಂದು ನಾನು ಹೇಳ್ತೀನಿ."

"ಜನ ದಾನ ನಿಲ್ಲಿಸಿಬಿಟ್ಟರೆ?"

"ನೀವು ನಿಲ್ಲಿಸ್ತೀರಾ?"

ಆ ಪ್ರಶ್ನೆಯನ್ನು ನಾನು ಕೇಳಿಕೊಂಡೇ ಇರಲಿಲ್ಲ. ನನ್ನ ಮಿದುಳನ್ನೂ ಕೊಡುವ ಕಾಗದ ತೆಗೆದುಕೊಂಡು ಬಂದೆ. ಸಹಿ ಹಾಕಿಲ್ಲ. ಸಭೆಯಲ್ಲಿ ಉತ್ತರ ಬಂದರೂ ಬರದಿದ್ದರೂ ಹಾಕುತ್ತೇನೆ. ಅದನ್ನು ನಿರ್ದೇಶಕರಿಗೆ ಮೊದಲೇ ಹೇಳುವ ಅಗತ್ಯವೇನಿಲ್ಲ.

ಮಾರ್ಚ್ 14, ಶನಿವಾರ

ಅದೇ ಹಾಲ್, ಅದೇ ಕಿಟಕಿ. ಈ ಸಲ ಪಕ್ಕದಲ್ಲಿ ಮಗಳು. "ಚಿಕ್ಕಮ್ಮ, ಕಿರುಚಬೇಡಿ" ಎಂದಳು. "ಕೋರ್ಟಲ್ಲಿ ನಾನು ಯಾವತ್ತಾದರೂ ಕಿರುಚಿದ್ದೀನಾ?" "ಕೋರ್ಟಲ್ಲಿ ನಿಮಗೆ ಮಾತಾಡೋಕೇ ಬಿಟ್ಟಿರಲಿಲ್ಲ."

ನಿರ್ದೇಶಕರು, "ನಿಮ್ಮ ಪ್ರೀತಿಪಾತ್ರರು ಇಲ್ಲಿ" ಎನ್ನುವಷ್ಟರಲ್ಲಿ ಎದ್ದು ನಿಂತೆ. ಕಿರುಚಲಿಲ್ಲ. ಆಡಿದ ಮಾತನ್ನು ಇಲ್ಲಿ ಇದ್ದಂತೆಯೇ ಬರೆದಿಡುತ್ತೇನೆ.

"ಸರ್, ಹೋದ ವರ್ಷ ಇದೇ ವಾಕ್ಯ ಹೇಳುವಾಗ ಪಕ್ಕದ ಕೋಣೆಯಲ್ಲಿ ಫ್ರೀಜರ್ ಕೂಗ್ತಾ ಇತ್ತು. ಇಲ್ಲಿ ಕೆಲವರಿಗೆ ನೆನಪಿರಬಹುದು, ನಾವೆಲ್ಲ ನಕ್ಕಿದ್ವಿ. ನೀವು ಬೆರಳೆತ್ತಿದ್ರಿ, ಸದ್ದು ನಿಂತಿತು. ಆಮೇಲೆ ಬಾಗಿಲನ್ನ ಯಾರೂ ನೋಡಲಿಲ್ಲ. ಅದರಲ್ಲಿ ನನ್ನ ಅಕ್ಕ ಇದ್ದಳು. ಇಲ್ಲಿ ಕೂತಿರೋ ಎಷ್ಟು ಜನರ ಮನೆಯವರಿದ್ದರೋ ಅವರಿಗೇ ಗೊತ್ತಿಲ್ಲ. ತಪ್ಪು ಆಗತ್ತೆ ಸರ್. ಅದಕ್ಕೆ ಯಾರ ತಲೆಯನ್ನೂ ಕೇಳೋಕೆ ನಾನು ಬಂದಿಲ್ಲ. ಯಾರು ಯಾರದು ಹಾಳಾಯ್ತು? ವರದಿಗಳನ್ನ ಯಾಕೆ ತಡೆದ್ರಿ? ವಿದ್ಯುತ್ ದೋಷ ಅಂತ ಬರೆಸಿದ್ದು ಯಾರು?"

ಹಿಂದಿನ ಸಾಲಿನಲ್ಲಿ ಒಬ್ಬ ಮುದುಕರು, "ನನ್ನ ಹೆಂಡತಿಯ ವರದಿಯೂ ಬಂದಿಲ್ಲ" ಎಂದರು. ಗೋಡೆಯ ಬದಿಯಿಂದ ಗುಬ್ಬಿ ಎದ್ದು ನನ್ನ ಸಾಲಿನ ಕೊನೆಗೆ ಬಂದು ನಿಂತಳು. "ಸದ್ದು ನಿಲ್ಲಿಸಿದವಳು ನಾನು" ಎಂದಳು.

ನಿರ್ದೇಶಕರು ಮೈಕನ್ನು ಕೈಯಿಂದ ಮುಚ್ಚಿ, ಅದೇ ಸಭ್ಯ ದನಿಯಲ್ಲಿ, "ಅಮ್ಮ, ಸಭೆ ಮುಗೀಲಿ. ಆಮೇಲೆ ನನ್ನ ಕೋಣೆಗೆ ಬನ್ನಿ, ಕೂತು ಮಾತಾಡೋಣ" ಎಂದರು.

"ಕೋಣೆ ಬೇಡ ಸರ್" ಅಂದೆ. "ಸದ್ದು ನಿಂತಿದ್ದು ಈ ಹಾಲ್‌ನಲ್ಲಿ, ಇಷ್ಟು ಜನರ ಎದುರಿಗೆ. ಮೈಕಿನ ಮೇಲಿಂದ ಕೈ ತೆಗೆಯಿರಿ. ಉತ್ತರವನ್ನೂ ಇಲ್ಲೇ ಹೇಳಿ."